ದ್ವೀಪಕ್ಕೆ ಹೋಗುವ ರಟ್ಟು

ಮದರಾಸಿನ ಆಂಡರ್ಸನ್ ಬೀದಿಯಲ್ಲಿ ಕಾಗದ ಬಿಟ್ಟರೆ ಬೇರೆ ಮಾತಿರಲಿಲ್ಲ. ಎರಡೂ ಕಡೆ ಕಾಗದದ ಅಂಗಡಿಗಳು, ಅಂಗಡಿ ತುಂಬ ರೀಮುಗಳು, ರೀಮಿನ ಮೇಲೇ ಕಾಲು ಮಡಿಸಿ ಕೂತು ವ್ಯಾಪಾರ ಕುದುರಿಸುವವರು. ಅಂಥದೊಂದು ಅಂಗಡಿಯ ಪಕ್ಕದಲ್ಲಿ ಕಡಿದಾದ ಮರದ ಮೆಟ್ಟಿಲು. ಹತ್ತಿ ಹೋದರೆ ವಿಶ್ವನಾಥರ ಆಫೀಸು. ಅವರ ಕಾರ್ಖಾನೆ ಇದ್ದದ್ದು ತಿರುವೊಟ್ಟಿಯೂರಿನಲ್ಲಿ. ಭತ್ತದ ಹುಲ್ಲನ್ನು ಬೇಯಿಸಿ, ಅರೆದು, ಹಾಳೆಯಾಗಿ ಎಳೆದು ಒಣಗಿಸಿದ ಹಳದಿ ರಟ್ಟು ಅಲ್ಲಿಂದ ಲಾರಿಯಲ್ಲಿ ಬರುತ್ತಿತ್ತು. ಲಾರಿ ಬಂದ ದಿನ ಮೇಲಿನ ಆಫೀಸಿನವರೆಗೂ ಒದ್ದೆ ಹುಲ್ಲಿನ ವಾಸನೆ.

ಸಾವಿರದ ಒಂಬೈನೂರ ಅರವತ್ತೊಂದರ ಜೂನ್ ತಿಂಗಳಲ್ಲಿ ಚಂದ್ರಮತಿ ಈ ಮೆಟ್ಟಿಲನ್ನು ಮೊದಲ ಸಲ ಹತ್ತಿದಳು. ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ ಎರಡು ತಿಂಗಳಾಗಿತ್ತು. ತಂದೆ ರಘುರಾಮರು ತಿರುವಲ್ಲಿಕೇಣಿಯ ಒಂದು ಉಡುಪಿ ಹೋಟೆಲಿನ ಮೇಲ್ವಿಚಾರಕರು; ಅಲ್ಲಿಗೆ ದಿನಾ ಕಾಫಿಗೆ ಬರುತ್ತಿದ್ದ ವಿಶ್ವನಾಥರ ಕಿವಿಗೆ ಮಗಳ ವಿಷಯ ಹಾಕಿದ್ದರು. ವಿಶ್ವನಾಥರು ಮೂರು ತಿಂಗಳಿಗೆ ಅಂತ ಒಪ್ಪಿಕೊಂಡಿದ್ದರು. ಒಂದು ಪಟ್ಟಿ ಮಾಡುವುದಿದೆ, ಪಟ್ಟಿ ಉಪಯೋಗಕ್ಕೆ ಬಂದರೆ ಹುಡುಗಿ ಇರಲಿ, ಇಲ್ಲದಿದ್ದರೆ ಇನ್ನೊಂದು ದಾರಿ ನೋಡಿಕೊಳ್ಳಲಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಆ ಇನ್ನೊಂದು ದಾರಿ ಯಾವುದೆಂದು ಮನೆಯಲ್ಲಿ ಆಗಲೇ ಗೊತ್ತಾಗಿಬಿಟ್ಟಿತ್ತು. ಬಿ.ಟಿ. ತರಬೇತಿ ಮುಗಿಸಿ ಶಾಲೆಯಲ್ಲಿ ಮೇಡಂ ಆಗುವುದು. ಅರ್ಜಿಯ ಕಾಗದವನ್ನು ತಾಯಿ ಜಲಜಾಕ್ಷಿ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಚಂದ್ರಮತಿ ಆ ಕಾಗದದ ಕಡೆ ನೋಡದೆಯೇ ದೇವರಿಗೆ ಕೈ ಮುಗಿಯುತ್ತಿದ್ದಳು. ನಲವತ್ತು ಹುಡುಗಿಯರು, ಎಂಬತ್ತು ಕಣ್ಣು, ಅವುಗಳ ಮುಂದೆ ನಿಂತು ಮುಕ್ಕಾಲು ಗಂಟೆ ಬಾಯಿಬಿಟ್ಟು ಮಾತಾಡುವುದು. ಕಾಲೇಜಿನಲ್ಲಿ ನಾಲ್ಕು ವರ್ಷ ಅವಳು ಹಾಜರಿ ಕರೆದಾಗ ಬಿಟ್ಟು ಬೇರೆ ಬಾಯಿ ತೆರೆದದ್ದು ಲೆಕ್ಕ ಹಾಕಿದರೆ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು. ಹೇಳಬೇಕಾದದ್ದೆಲ್ಲ ಅವಳು ಡೈರಿಗೆ ಹೇಳುತ್ತಿದ್ದಳು.

ಈ ಆಫೀಸು ಮಾತ್ರ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಕಾಗದ, ಕೆಳಗೆ ಬೀದಿಯ ಗದ್ದಲ. ಆ ಗದ್ದಲದಲ್ಲಿ ಅವಳ ಪಾಲು ಏನೂ ಇರಲಿಲ್ಲ. ಎದುರಿಗೆ ಹೆಡ್ ಕ್ಲರ್ಕ್ ಗುಂಡಣ್ಣ. ಮೈಸೂರಿನ ಕಡೆಯವರು, ಮೂವತ್ತು ವರ್ಷದಿಂದ ಮದರಾಸು, ದಿನವೂ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬೀಚ್ ಸ್ಟೇಷನ್‌ಗೆ ಬಂದಿಳಿದು ನಡೆದೇ ಬರುತ್ತಿದ್ದರು. ಮೊದಲ ವಾರ ಅವಳು ಏನು ಕೇಳಬೇಕಾದರೂ ನಾಲಿಗೆ ಹೊರಳದೆ ಚೀಟಿಯಲ್ಲಿ ಬರೆದು ಅವರ ಮೇಜಿನ ಅಂಚಿಗೆ ತಳ್ಳಿದಳು. ಗುಂಡಣ್ಣ ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ, ಅದೇ ಚೀಟಿಯ ಹಿಂದೆ ಉತ್ತರ ಬರೆದು ವಾಪಸು ತಳ್ಳಿದರು. ಅಂದಿನಿಂದ ಅದೇ ರೂಢಿ. "ನಮ್ಮಾಫೀಸ್ನಲ್ಲೇ ಒಂದು ಪೋಸ್ಟಾಫೀಸ್ ತೆಗ್ದಿದೀವಿ, ಸ್ಟಾಂಪೊಂದು ಬೇಡ" ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಚಂದ್ರಮತಿಯೂ ತಲೆ ತಗ್ಗಿಸಿ ನಗುತ್ತಿದ್ದಳು.

ಪಟ್ಟಿಯ ಕತೆ ಹೀಗೆ. ಮಾರಿಷಸ್ ದ್ವೀಪಕ್ಕೆ, ಅದಿನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ, ಕಾಗದವಾಗಲೀ ರಟ್ಟಾಗಲೀ ಎಲ್ಲವೂ ಹೊರಗಿನಿಂದಲೇ ಬರಬೇಕಿತ್ತು. ಕಳಿಸುವವರಲ್ಲಿ ವಿಶ್ವನಾಥರ ಕಣ್ಣಿದ್ದದ್ದು ಇಬ್ಬರ ಮೇಲೆ: ಹಾಲೆಂಡ್ ಮತ್ತು ಜಪಾನ್. ಯಾರು ಏನನ್ನು ಎಷ್ಟು ಕಳಿಸುತ್ತಾರೆ, ಯಾವ ಬೆಲೆಗೆ ಕಳಿಸುತ್ತಾರೆ ಎಂದು ವರ್ಷವರ್ಷಕ್ಕೂ ಹೋಲಿಸಿ ನೋಡಿದರೆ, ತಿರುವೊಟ್ಟಿಯೂರಿನ ರಟ್ಟಿಗೆ ಎಲ್ಲಿ ಸಂದು ಸಿಗುತ್ತದೆ ಎಂದು ತಿಳಿಯುತ್ತದೆ. ಒಂಬತ್ತು ವರ್ಷದಿಂದ ಈ ಹೋಲಿಕೆಯನ್ನು ಗುಂಡಣ್ಣನೇ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈಗ ಕಣ್ಣು ಮಂಜು. ಆದ್ದರಿಂದ ಹೊಸ ವರ್ಷದ ಅಂಕಿಗಳನ್ನು ಸೇರಿಸಿ, ಹಳೆಯದನ್ನೂ ಒಟ್ಟುಮಾಡಿ, ಒಂದು ದೊಡ್ಡ ಹಾಳೆಯಲ್ಲಿ ಅಂದವಾಗಿ ಬರೆಯುವ ಕೆಲಸ ಚಂದ್ರಮತಿಗೆ ಬಂತು.

ಅವಳು ವಾರಕ್ಕೆ ಮೂರು ದಿನ ಬೀಚಿನ ಕಡೆಯ ವರ್ತಕರ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದಳು. ಎರಡು ದೇಶಗಳೂ ವರ್ಷವರ್ಷ ಅಚ್ಚು ಹಾಕಿಸುವ ದಪ್ಪ ದಪ್ಪ ವ್ಯಾಪಾರದ ಪುಸ್ತಕಗಳು. ಫ್ಯಾನಿನ ಕೆಳಗೆ ಹಾಳೆ ಹಾರದಂತೆ ಮೊಳಕೈ ಒತ್ತಿಕೊಂಡು ಅಂಕಿ ಇಳಿಸುವಾಗ ಅವಳಿಗೆ ಆಗುತ್ತಿದ್ದ ಸುಖ ಯಾರಿಗೂ ಹೇಳುವಂಥದಲ್ಲ. ಎಲ್ಲೋ ಒಂದು ದ್ವೀಪದಲ್ಲಿ ಯಾರೋ ಕಾಗದ ಬರೆಯುತ್ತಾರೆ, ಯಾರೋ ಪುಸ್ತಕಕ್ಕೆ ರಟ್ಟು ಹಾಕುತ್ತಾರೆ, ಅದರ ಗುರುತು ತಿರುವಲ್ಲಿಕೇಣಿಯ ಹುಡುಗಿಯೊಬ್ಬಳ ಪೆನ್ಸಿಲಿನ ತುದಿಗೆ ಬಂದು ಕೂರುತ್ತದೆ.

ಪಟ್ಟಿ ಮುಗಿಯುತ್ತ ಬಂದಂತೆ ವಿಷಯ ಸ್ಪಷ್ಟವಾಯಿತು. ಕಾಗದದಲ್ಲಿ ಹಾಲೆಂಡ್ ಸ್ವಲ್ಪ ಮುಂದೆ. ಆದರೆ ರಟ್ಟಿನಲ್ಲಿ ಜಪಾನ್ ಹಾಲೆಂಡಿನ ಮೂರರಷ್ಟು. ಅದೂ ವರ್ಷ ವರ್ಷ ಏರುತ್ತಲೇ ಇತ್ತು. ಒಂದೇ ಒಂದು ಕಡೆ ಅವಳ ಪೆನ್ಸಿಲು ನಿಂತಿತು. ಟನ್ನಿಗೆ ಇಷ್ಟು ಎಂದು ಬೆಲೆ ಹಾಕಿ ನೋಡಿದರೆ ಹಾಲೆಂಡಿನ ರಟ್ಟು ಕಾಗದಕ್ಕಿಂತ ಅಗ್ಗ, ಅದು ನ್ಯಾಯವೇ. ಜಪಾನಿನ ರಟ್ಟು ಮಾತ್ರ ಕಾಗದಕ್ಕಿಂತ ಎಷ್ಟೋ ದುಬಾರಿ. ಅವಳು ಚೀಟಿ ಬರೆದಳು: ರಟ್ಟು ಕಾಗದಕ್ಕಿಂತ ದುಬಾರಿ ಯಾಕೆ, ಸಾರ್? ಗುಂಡಣ್ಣ ಹಿಂದುಗಡೆ ಬರೆದರು: ಅಚ್ಚಿನ ತಪ್ಪು. ಅವಳು ಹಿಂದಿನ ವರ್ಷಗಳನ್ನೂ ತಿರುವಿದಳು. ಎಲ್ಲ ವರ್ಷವೂ ಹಾಗೇ ಇತ್ತು. ಒಂಬತ್ತು ವರ್ಷವೂ ಅಚ್ಚಿನ ತಪ್ಪೇ ಎಂದು ಇನ್ನೊಂದು ಚೀಟಿ ಬರೆಯಲು ಹೊರಟವಳು, ಹಿರಿಯರನ್ನು ಪರೀಕ್ಷೆ ಮಾಡಿದ ಹಾಗಾಗುತ್ತದೆ ಎಂದು ಅಳುಕಿ ಅದನ್ನು ಹರಿದು ಚೂರು ಮಾಡಿದಳು.

ಆಗಸ್ಟ್ ಕೊನೆಯ ಗುರುವಾರ ಪಟ್ಟಿ ವಿಶ್ವನಾಥರ ಕೈ ಸೇರಿತು. ಕೆಳಗಡೆ ಗುಂಡಣ್ಣನ ಸಹಿ, ಮಗ್ಗುಲಲ್ಲಿ ಸಣ್ಣಗೆ ಅವಳದು. ವಿಶ್ವನಾಥರು ಹಾಳೆಯನ್ನು ಮೇಜಿನ ತುಂಬ ಹರಡಿ, ಮೂರು ಸಲ ಬೆರಳು ಹಾಯಿಸಿ ನೋಡಿದರು. ದ್ವೀಪಕ್ಕೆ ರಟ್ಟಿನ ಹಸಿವು ಇದೆ, ಜಪಾನು ಆ ಬೆಲೆಗೆ ಮಾರುವುದಾದರೆ ನಾವು ಅರ್ಧಕ್ಕೆ ಕೊಟ್ಟರೂ ಗೆದ್ದ ಹಾಗೆ, ಎಂದರು. ಕಾರ್ಖಾನೆಯಲ್ಲಿ ಹಾಳೆ ರಟ್ಟನ್ನೇ ಎರಡು ತಿಂಗಳು ಹಗಲೂ ರಾತ್ರಿ ತೆಗೆಯುವುದೆಂದು ನಿಂತಲ್ಲೇ ತೀರ್ಮಾನವಾಯಿತು. ದ್ವೀಪದ ವ್ಯಾಪಾರಿ ತಿರುಮಲ ಎಂಬವರು ಮದರಾಸಿಗೆ ನೆಂಟರ ಮದುವೆಗೆ ಬಂದಿದ್ದರು. ಅವರದು ಅಕ್ಕಿ ಜವಳಿಯ ವ್ಯಾಪಾರ, ಕಾಗದದ್ದಲ್ಲ. ಆದರೆ ತಮ್ಮ ಮಳಿಗೆಯಲ್ಲಿ ಮಾಲು ಇಳಿಸಿಕೊಂಡು ಅಂಗಡಿಗಳಿಗೆ ಹಂಚಲು ಒಪ್ಪಿದ್ದರು. ಸೋಮವಾರ ಹನ್ನೊಂದಕ್ಕೆ ಅವರು ಬರುವುದು, ಕರಾರಿಗೆ ಸಹಿ ಹಾಕುವುದು. ವಿಶ್ವನಾಥರು ಒಳಗೆ ಹೋಗುವ ಮುಂಚೆ ತಿರುಗಿ, "ಸೋಮವಾರ ಇದು ಮುಗೀಲಿ, ನಿಂದೂ ಖಾಯಂ ಮಾಡ್ಬಿಡೋಣಮ್ಮ" ಎಂದರು. ಆ ರಾತ್ರಿಯ ಡೈರಿಯಲ್ಲಿ ಅವಳು ಬರೆದದ್ದು ಖಾಯಂ ಎಂಬ ಒಂದೇ ಮಾತು, ಕೆಳಗೆ ಎರಡು ಗೆರೆ ಎಳೆದು.

ಭಾನುವಾರ ಮಧ್ಯಾಹ್ನ ಹೋಟೆಲಿನ ಮೇಲೆಯೇ ಇದ್ದ ಅವಳ ಮನೆಯಲ್ಲಿ ಹೆಂಗಸರೆಲ್ಲ ಕೈಕೆಲಸಕ್ಕೆ ಕೂತಿದ್ದರು. ತಮಿಳರ ಆವಣಿ ತಿಂಗಳ ಮದುವೆಗಳ ಕಾಲ. ಒಂದೇ ಮನೆಯಿಂದ ಐನೂರು ಡಬ್ಬ ಬಾದುಷಾ ಬೇಕೆಂದು ಹೇಳಿಹೋಗಿದ್ದರು. ಮಿಠಾಯಿ ಡಬ್ಬಗಳು ಹೋಟೆಲಿಗೆ ಡಬ್ಬದ ಆಕಾರದಲ್ಲಿ ಬರುವುದಿಲ್ಲ. ಕತ್ತರಿಸಿ, ಮಡಿಕೆಯ ಗೆರೆ ಒತ್ತಿ, ಚಪ್ಪಟೆ ಹಾಳೆಯಾಗಿ ಕಟ್ಟು ಕಟ್ಟಿ ಬರುತ್ತವೆ. ಅದನ್ನು ಮಡಿಚಿ ಅಂಚಿನ ಕಿವಿ ಸಿಕ್ಕಿಸಿ ಡಬ್ಬ ಮಾಡುವುದು ಹೋಟೆಲಿನವರ ಮನೆಯ ಹೆಂಗಸರ ಕೆಲಸ, ಊಟಕ್ಕೆ ಬಾಳೆಲೆ ಕತ್ತರಿಸಿದಷ್ಟೇ ಸಹಜ. ಚಂದ್ರಮತಿ ಎಂಟನೆಯ ವಯಸ್ಸಿನಿಂದ ಮಡಿಚುತ್ತಿದ್ದಳು.

ನೂರು ಮುಗಿಯುವಷ್ಟರಲ್ಲಿ ತಂಗಿ ಗುಣವತಿ "ಪೋದುಂ ಅಕ್ಕಾ" ಎಂದು ಕಾಲು ಚಾಚಿದಳು. ಸಾಕಂತೆ. ಅವಳಿಗೆ ಕನ್ನಡದಲ್ಲಿ ಬೈದರೂ ಉತ್ತರ ತಮಿಳಿನಲ್ಲೇ.

"ಸಾಕಾದ್ರೆ ಮದುವೆ ಮನೆಯವರಿಗೆ ಬಾದುಷಾ ಸೆರಗಿಗೆ ಕಟ್ಟಿ ಕೊಡುವುದಾ?" ಎಂದರು ಜಲಜಾಕ್ಷಿ. "ಆ ಹೊಸ ಕಟ್ಟು ಬಿಚ್ಚು ಮಾರಾಯ್ತಿ."

ಕಟ್ಟನ್ನು ಬಿಚ್ಚಿದವಳು ಚಂದ್ರಮತಿ. ಕಂದು ಕಾಗದದ ಮೇಲೆ ಅಂಗಡಿಯವನು ಅಂಟಿಸಿದ್ದ ಚೀಟಿ ಅವಳ ಕೈಗೆ ಬಂತು. ಬೋರ್ಡ್, ಹದಿಮೂರು ಕಿಲೋ, ಎಂದು ಬರೆದಿತ್ತು. ಡಬ್ಬ ಎಂದು ಬರೆದಿರಲಿಲ್ಲ. ಬೋರ್ಡ್ ಎಂದರೆ ರಟ್ಟು. ಅವಳ ಕೈ ಹಾಗೇ ನಿಂತಿತು. ಮಡಿಚುವವರೆಗೂ ಇದು ರಟ್ಟು. ಮಡಿಚಿದ ಮೇಲೆ ಡಬ್ಬ. ಅಂಗಡಿಯವನು ರಟ್ಟೆಂದು ತೂಗಿದ, ಆದರೆ ಬೆಲೆ ಹಾಕಿದ್ದು ಕತ್ತರಿಸಿದ ಕೂಲಿಯನ್ನೂ ಗೆರೆ ಒತ್ತಿದ ಕೂಲಿಯನ್ನೂ ಸೇರಿಸಿ. ತೂಕ ರಟ್ಟಿನದು, ಬೆಲೆ ಡಬ್ಬದ್ದು.

ಜಪಾನಿನವರೂ ಹೀಗೇ ಬರೆದಿದ್ದರೆ?

ಹಾಲೆಂಡಿನವರ ಪುಸ್ತಕದಲ್ಲಿ ಡಬ್ಬಗಳಿಗೆ ಬೇರೆಯದೇ ಒಂದು ಪುಟವಿತ್ತು. ನಮಗೆ ಬೇಡದ್ದೆಂದು ಅವಳು ಅದನ್ನು ಮಗುಚಿ ಹಾಕಿದ್ದಳು. ಜಪಾನಿನ ಪುಸ್ತಕದಲ್ಲಿ ಅಂಥ ಪುಟವೇ ಇದ್ದ ನೆನಪಿಲ್ಲ. ಹಾಗಾದರೆ ಅವಳ ಪಟ್ಟಿಯಲ್ಲಿ ಒಂದು ಕಡೆ ಬರೀ ಹಾಳೆ, ಇನ್ನೊಂದು ಕಡೆ ಹಾಳೆ ಡಬ್ಬ ಎಲ್ಲ ಸೇರಿದ ಕಲಬೆರಕೆ. ದ್ವೀಪಕ್ಕೆ ರಟ್ಟಿನ ಹಸಿವಲ್ಲ, ಡಬ್ಬದ ಹಸಿವು. ಅಲ್ಲಿಗೆ ಎರಡು ತಿಂಗಳ ಹಾಳೆ ರಟ್ಟು ಹೋಗಿ ಇಳಿದರೆ ತಿರುಮಲರ ಮಳಿಗೆಯಲ್ಲಿ ಗೆದ್ದಲಿಗೆ ಊಟ.

ಅವಳು ತಾಯಿಗೆ ಏನೂ ಹೇಳಲಿಲ್ಲ. ಸಂಜೆ ತಂದೆ ಸ್ನಾನಕ್ಕೆ ಮೇಲೆ ಬಂದಾಗ ಮಾತ್ರ, ಹಿಂದಿನ ವರಾಂಡದ ಕಂಬಕ್ಕೆ ಒರಗಿಕೊಂಡು, ತಡವರಿಸುತ್ತ ಎಲ್ಲವನ್ನೂ ಹೇಳಿದಳು. ರಘುರಾಮರು ಭುಜದ ಮೇಲಿನ ಪಂಚೆಯನ್ನು ಇನ್ನೊಂದು ಭುಜಕ್ಕೆ ಹಾಕಿಕೊಳ್ಳುತ್ತ ಕೇಳಿದರು. ವ್ಯಾಪಾರದ ಪುಸ್ತಕ ಅವರಿಗೆ ತಿಳಿಯದು, ಆದರೆ ಡಬ್ಬ ತಿಳಿಯುತ್ತಿತ್ತು.

"ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೆದರಿಕೆಯಾ ನಿಂಗೆ?"

"ಹೌದು. ಗುಂಡಣ್ಣನವರಿಗೂ ಬೇಜಾರಾಗ್ತದೆ. ಅವರ ಸಹಿ ಉಂಟು ಅದರಲ್ಲಿ."

"ನಿಂದೂ ಉಂಟಲ್ಲ," ಎಂದರು ರಘುರಾಮರು. ಬಚ್ಚಲಿನ ಚೊಂಬು ಎತ್ತಿಕೊಂಡು, "ಸಾಂಬಾರಿಗೆ ಉಪ್ಪು ಜಾಸ್ತಿಯಾದ್ರೆ ಎಲೆಗೆ ಬಡಿಸುವ ಮುಂಚೆ ಹೇಳ್ಬೇಕು. ಬಡಿಸಿದ ಮೇಲೆ ಹೇಳಿದ್ರೆ ಅಡುಗೆ ಭಟ್ಟರಿಗೂ ಬೈಗುಳ, ಬಡಿಸಿದವನಿಗೂ ಬೈಗುಳ. ಅಷ್ಟೇ ನಂಗೆ ಗೊತ್ತಿರುವುದು" ಎಂದು ಬಚ್ಚಲಿಗೆ ಹೋದರು.

ಸೋಮವಾರ ಗ್ರಂಥಾಲಯದ ಬಾಗಿಲು ತೆಗೆಯುವುದು ಹತ್ತಕ್ಕೆ. ಚಂದ್ರಮತಿ ಒಂಬತ್ತೂವರೆಗೇ ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಹೋದವಳು ಜಪಾನಿನ ಪುಸ್ತಕದ ಅಂಕಿಗಳನ್ನು ಬಿಟ್ಟು, ಇಷ್ಟು ದಿನ ತಾನು ಬಿಡಿಸಿಯೂ ನೋಡದಿದ್ದ ಕೊನೆಯ ಪುಟಗಳನ್ನು ತೆಗೆದಳು. ಇರುವೆ ಸಾಲಿನಂಥ ಅಕ್ಷರ. ಯಾವ ತಲೆಬರಹದಲ್ಲಿ ಏನೇನು ಸೇರಿದೆ ಎಂಬ ವಿವರ. ರಟ್ಟು ಎಂಬಲ್ಲಿ ಬೆರಳು ನಿಂತಿತು: ಹಾಳೆಯಾಗಿ ಇರುವುದು, ಸುರುಳಿಯಾಗಿ ಇರುವುದು, ಆಕಾರಕ್ಕೆ ಕತ್ತರಿಸಿ ಮಡಿಚದೆ ಇರುವುದು. ಅವಳು ಆ ಸಾಲನ್ನು ಇಳಿಸಿಕೊಂಡಳು. ಹಾಲೆಂಡಿನ ಪುಸ್ತಕದ ಡಬ್ಬದ ಪುಟವನ್ನೂ ಇಳಿಸಿಕೊಂಡಳು. ಅದನ್ನು ಹಾಲೆಂಡಿನ ಲೆಕ್ಕಕ್ಕೆ ಸೇರಿಸಿದರೆ ಎರಡು ದೇಶವೂ ಹತ್ತಿರ ಹತ್ತಿರ ಸಮ. ಮೂರರಷ್ಟು ಎಂಬುದು ಕರಗಿಹೋಯಿತು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಫೀಸಿನ ಮೆಟ್ಟಿಲು ಹತ್ತಿದಳು. ಗುಂಡಣ್ಣ ಜರಿಯಂಚಿನ ಅಂಗವಸ್ತ್ರ ಹೊದ್ದು ಬಂದಿದ್ದರು, ದೊಡ್ಡ ದಿನವೆಂದು. ಅವಳು ಮೇಜಿಗೆ ಕೂತು ಚೀಟಿ ಎಳೆದುಕೊಂಡಳು. ಎರಡು ಸಾಲು ಬರೆದಳು, ಹೊಡೆದುಹಾಕಿದಳು. ಇದು ಚೀಟಿಯಲ್ಲಿ ಹಿಡಿಸುವ ವಿಷಯವಾಗಿರಲಿಲ್ಲ, ಚೀಟಿ ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ. ಕೆಳಗೆ ಕಾರು ನಿಂತ ಸದ್ದಾಯಿತು. ಅವಳು ಎದ್ದು ಗುಂಡಣ್ಣನ ಮೇಜಿನ ಮುಂದೆ ಹೋಗಿ ನಿಂತಳು.

ಗುಂಡಣ್ಣ ಅಭ್ಯಾಸಬಲದಿಂದ ಕೈ ಚಾಚಿದರು. "ಎಲ್ಲಮ್ಮ ಟಪಾಲು?"

"ಟಪಾಲು ಇಲ್ಲ ಸಾರ್. ಪಟ್ಟಿ ತಪ್ಪಾಗಿದೆ."

ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಒಳಕೋಣೆಯ ಬಾಗಿಲಲ್ಲಿ ವಿಶ್ವನಾಥರು ನಿಂತಿದ್ದರು. ಬರುವವರನ್ನು ಎದುರುಗೊಳ್ಳಲು ಹೊರಟವರು ಅಲ್ಲೇ ನಿಂತಿದ್ದರು. ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ಡಬ್ಬದ ಕಟ್ಟಿನಿಂದ ಹಿಡಿದು ಇರುವೆ ಸಾಲಿನವರೆಗೆ ಅವಳು ಒಂದೇ ಉಸಿರಿಗೆ ಹೇಳಿದಳು. ನಡುವೆ ಎರಡು ಸಲ ಮಾತು ಸಿಕ್ಕಿಕೊಂಡಿತು. ಆಗ ಮೇಜಿನ ಮೇಲಿನ ರದ್ದಿ ರಟ್ಟಿನ ತುಂಡೊಂದನ್ನು ತೆಗೆದುಕೊಂಡು, ಇಲ್ಲಿ ಕತ್ತರಿಸಿ, ಇಲ್ಲಿ ಗೆರೆ ಒತ್ತಿ, ಎಂದು ತೋರಿಸಿದಳು.

ಗುಂಡಣ್ಣನ ಮುಖ ಕೆಂಪಾಗಿತ್ತು. "ಒಂಬತ್ತು ವರ್ಷ ಬರ್ದಿದೀನಿ ಕಣಮ್ಮ ಆ ಪುಸ್ತಕ," ಎಂದರು, ಸಣ್ಣ ದನಿಯಲ್ಲಿ.

"ಗೊತ್ತು ಸಾರ್. ನಾನೂ ಅದನ್ನೇ ನಂಬಿ ಬರೆದೆ."

ವಿಶ್ವನಾಥರು ಅವಳ ಕೈಯಿಂದ ಆ ರಟ್ಟಿನ ತುಂಡನ್ನು ತೆಗೆದುಕೊಂಡು ಮಡಿಚಿ ನೋಡಿದರು. ಮೆಟ್ಟಿಲಿನ ಮೇಲೆ ತಿರುಮಲರ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

ತಿರುಮಲರು ಬಿಳಿ ಕೋಟಿನ, ದುಂಡು ಮುಖದ ಮನುಷ್ಯ. ಅವರ ತಮಿಳು ಅಜ್ಜನ ಕಾಲದ್ದು, ಹಡಗಿನಲ್ಲಿ ಹೋದಾಗ ಹೇಗಿತ್ತೋ ಹಾಗೇ ಉಳಿದುಕೊಂಡಿತ್ತು. ಕಾಫಿ ಬಂತು, ಮದುವೆ ಮನೆಯ ಸುದ್ದಿಯಾಯಿತು. ಕರಾರಿನ ಕಾಗದ ಮೇಜಿನ ಮೇಲಿತ್ತು. ವಿಶ್ವನಾಥರು ಅದರ ಮೇಲೆ ಕೈಯಿಟ್ಟುಕೊಂಡೇ, ಹಗುರವಾಗಿ, ನಿಮ್ಮ ಊರಿನಲ್ಲಿ ಅಂಗಿಗೆ, ಚಪ್ಪಲಿಗೆ ಡಬ್ಬ ಕತ್ತರಿಸುವವರು ಯಾರು ಎಂದು ಕೇಳಿದರು. ತಿರುಮಲರು ಯೋಚಿಸಿದರು. ಕತ್ತರಿಸುವವರೇ? ಪುಸ್ತಕಕ್ಕೆ ರಟ್ಟು ಹಾಕುವ ಮುದುಕರು ಇಬ್ಬರಿದ್ದಾರೆ, ಕೈಚಾಕುವಿನಲ್ಲಿ ಕೊಯ್ಯುತ್ತಾರೆ. ಡಬ್ಬಗಳು ಬರುವುದು ಚಪ್ಪಟೆಯಾಗಿ, ಹಡಗಿನಲ್ಲೇ. ನಮ್ಮ ಅಂಗಡಿಯ ಹುಡುಗಿಯರು ಮಡಿಚಿಕೊಳ್ಳುತ್ತಾರೆ. ಹಾಗೆಂದು ತಮ್ಮ ದಪ್ಪ ಬೆರಳುಗಳಿಂದ ಗಾಳಿಯಲ್ಲೇ ಒಂದು ಡಬ್ಬ ಮಡಿಚಿ ತೋರಿಸಿದರು.

ವಿಶ್ವನಾಥರು ಕರಾರಿನ ಕಾಗದವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಹಾಳೆ ರಟ್ಟು ಎಂದಿದ್ದ ಕಡೆ ಗೆರೆ ಹೊಡೆದರು. ಆಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು. ಅಂಗಿಯ ಡಬ್ಬ, ಚಪ್ಪಲಿಯ ಡಬ್ಬ, ಯಾವ ಅಳತೆ, ಎಷ್ಟು ದಪ್ಪ. ಇದೇ ಬೀದಿಯ ಕೊನೆಯಲ್ಲಿ ಕತ್ತರಿಸುವ ಯಂತ್ರ ಇಟ್ಟುಕೊಂಡವರಿದ್ದಾರೆ, ಅವರಿಗೆ ಹೇಳಿದರಾಯಿತು. ನಡುವೆ ಒಂದು ಸಲ, ಕಿವಿ ಎಷ್ಟುದ್ದ ಇದ್ದರೆ ಡಬ್ಬ ಬಿಚ್ಚಿಕೊಳ್ಳುವುದಿಲ್ಲ ಎಂಬ ಪ್ರಶ್ನೆ ಬಂತು. ಗಂಡಸರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯಿಂದ ಚಂದ್ರಮತಿ, "ಹೆಬ್ಬೆರಳಿನ ಮೊದಲ ಗಂಟಿನಷ್ಟು" ಎಂದಳು. ತಿರುಮಲರು ಅದನ್ನು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಹೊರಡುವಾಗ ಪರೀಕ್ಷೆಗೆಂದು ಒಂದು ಸಣ್ಣ ಕಂತು ಡಬ್ಬ ಕಳಿಸಿ ಎಂದು ಹೇಳಿಹೋದರು. ಎರಡು ತಿಂಗಳ ಮಾಲಲ್ಲ, ಎರಡು ವಾರದ್ದು. ಆದರೆ ಅದು ಮಾರಾಟವಾಗುವ ಮಾಲು.

ಅವರು ಹೋದ ಮೇಲೆ ವಿಶ್ವನಾಥರು ದೊಡ್ಡ ಪಟ್ಟಿಯನ್ನು ತಂದು ಗುಂಡಣ್ಣನ ಮೇಜಿನ ಮೇಲಿಟ್ಟು, "ಇದು ಬೇರೆ ಯಾರ ಕಣ್ಣಿಗೂ ಬೀಳೋದು ಬೇಡ ಗುಂಡಣ್ಣ, ಸರಿ ಮಾಡ್ಕೊಡಿ" ಎಂದರು. ಚಂದ್ರಮತಿಯ ವಿಷಯ ಎತ್ತಲಿಲ್ಲ. ಖಾಯಂ ಎಂಬ ಮಾತೂ ಬರಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಅವಳು ತನ್ನ ಮೇಜಿಗೆ ಬಂದು ಕೂತಳು. ದೇವರ ಗೂಡಿನ ಪಕ್ಕದ ಅರ್ಜಿ ಕಣ್ಣಿಗೆ ಕಟ್ಟಿತು. ಆದರೆ ಆಶ್ಚರ್ಯವೆಂದರೆ, ಈ ಸಲ ಅದರಿಂದ ಕಣ್ಣು ತಪ್ಪಿಸಬೇಕೆನಿಸಲಿಲ್ಲ. ಇಬ್ಬರ ಮುಂದೆ ನಿಂತು ಹೇಳಿಯಾಗಿತ್ತು, ಮೂವರ ನಡುವೆ ಬಾಯಿಬಿಟ್ಟಾಗಿತ್ತು; ಪ್ರಾಣವೇನೂ ಹೋಗಿರಲಿಲ್ಲ.

ಗುಂಡಣ್ಣ ಬಹಳ ಹೊತ್ತು ಉದ್ದನೆಯ ಪುಸ್ತಕವನ್ನು ತೆರೆದುಕೊಂಡು ಕೂತಿದ್ದರು. ಒಂದೊಂದೇ ವರ್ಷವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಹಾಳೆ ಮಗುಚಿದರು. ಕೊನೆಗೆ ಪುಸ್ತಕವನ್ನು ಎತ್ತಿಕೊಂಡು, ಅಂಗವಸ್ತ್ರ ಸರಿಮಾಡಿಕೊಂಡು, ತಾವೇ ಎದ್ದು ಅವಳ ಮೇಜಿಗೆ ಬಂದರು.

"ಈ ವರ್ಷದ್ದೊಂದು ಸರಿ ಮಾಡಿದ್ರೆ ಆಗಲ್ಲ ಕಣಮ್ಮ," ಎಂದರು. "ಒಂಬತ್ತು ವರ್ಷದ್ದೂ ಹಿಂಗೇ ಇದೆ. ಒಂದೊಂದು ವರ್ಷಕ್ಕೂ ಆ ಡಬ್ಬದ ಪುಟ ಹುಡುಕಿ ತೆಗೀಬೇಕು, ಕೊನೇ ಪುಟ ಓದ್ಬೇಕು. ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತಲ್ಲ."

"ನಾನು ಮಾಡ್ತೇನೆ ಸಾರ್."

"ಎಷ್ಟು ದಿನ ಬೇಕಾಗತ್ತೆ?"

ಅವಳು ಮನಸ್ಸಿನಲ್ಲೇ ಎಣಿಸಿದಳು. ವಾರಕ್ಕೆ ಮೂರು ದಿನ ಗ್ರಂಥಾಲಯ, ಎರಡು ದೇಶ, ಒಂಬತ್ತು ವರ್ಷ, ತೂಕಗಳನ್ನು ಬಿಡಿಸಿ ಬರೆಯುವುದು, ಮತ್ತೆ ತಾಳೆ ನೋಡುವುದು. "ಬರುವ ವರ್ಷದ ಮಳೆಗಾಲದವರೆಗೆ ಬೇಕಾಗ್ತದೆ," ಎಂದಳು.

ಗುಂಡಣ್ಣ ಒಳಕೋಣೆಯ ಕಡೆಗೆ ತಿರುಗಿ, ಬಾಗಿಲಿನಾಚೆ ಕೇಳುವಷ್ಟು ಗಟ್ಟಿಯಾಗಿ, "ಸಾರ್, ಈ ಹುಡುಗೀನ ಮುಂದಿನ ವರ್ಷದವರೆಗೂ ಕಳಿಸೋ ಹಾಗಿಲ್ಲ. ಪುಸ್ತಕ ಪೂರ್ತಿ ತಪ್ಪು" ಎಂದರು.

ಒಳಗಿನಿಂದ ವಿಶ್ವನಾಥರ ದನಿ ಬಂತು. ಖಾಯಂ ಅಂತ ಗುರುವಾರವೇ ಹೇಳಿರಲಿಲ್ಲವೇ, ಈಗ ಯಾರು ಕಳಿಸುತ್ತೇನೆಂದರು, ಎಂದು ಗದರಿದಂತೆ ಕೇಳಿದರು. ಗುಂಡಣ್ಣ ಉದ್ದನೆಯ ಪುಸ್ತಕವನ್ನು ಚಂದ್ರಮತಿಯ ಮುಂದೆ ಇಟ್ಟು, ಮೊದಲ ವರ್ಷದ ಹಾಳೆಯನ್ನು ತೆರೆದರು. ಅವಳು ಪೆನ್ಸಿಲು ಚೂಪು ಮಾಡಿಕೊಂಡಳು. ಗುಂಡಣ್ಣ ತಮ್ಮ ಕುರ್ಚಿಯನ್ನು ದರದರನೆ ಎಳೆದು ತಂದು ಅವಳ ಮೇಜಿನ ಪಕ್ಕಕ್ಕೇ ಹಾಕಿಕೊಂಡರು. ಅಂಕಿಗಳನ್ನು ಒಬ್ಬರು ಓದಿ ಹೇಳಬೇಕು, ಒಬ್ಬರು ಬರೆಯಬೇಕು. ಪೆನ್ಸಿಲನ್ನು ಗುಂಡಣ್ಣ ತೆಗೆದುಕೊಂಡರು; ಓದಿ ಹೇಳುವ ಸರದಿ ಅವಳದಾಯಿತು.